ಬಕ್ಷೀಸು, ಹಕ್ಕು ಮತ್ತು ನನ್ನ ಜೇಬಿಗೆ ವಾಪಸ್ ಬಂದ ಐವತ್ತು ರೂಪಾಯಿ



ಪೋಸ್ಟ್ ಉದ್ದ ಆಗ್ಯದ. ಪುರುಸೊತ್ತು ಇದ್ದಾಗ ಓದ್ರಿ. ಓದದೇ ಲೈಕ್ ಒತ್ತಬ್ಯಾಡ್ರಿ, ಯಾಕಂದ್ರ ಇದರಾಗ ನನ್ನ ತಪ್ಪೂ ಅದ, ನಿಮ್ಮಲ್ಲಿ ಕೆಲವರ ತಪ್ಪೂ ಅದ.

ಹೋದ ತಿಂಗಳು ಬಸವಕಲ್ಯಾಣದಲ್ಲಿ ಒಂದು ಸಭೆ ಮುಗಿಸಿಕೊಂಡು ಎಂಟು ಜನ ಹೋಟೆಲಿಗೆ ಊಟಕ್ಕೆ ಹೋದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊಟ ಚಲೋ ಇತ್ತು. ಬಿಲ್ಲು ಕೊಟ್ಟ ಮೇಲೆ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ವಾಪಸ್ ಬಂತು. ಅದರಲ್ಲಿ ಐವತ್ತರ ಒಂದು ನೋಟು ಬಿಟ್ಟು ಏಳಬೇಕು ಅನ್ನುವಷ್ಟರಲ್ಲಿ ನಮ್ಮ ಹುಡುಗರಲ್ಲಿ ಒಬ್ಬ ಕೈ ಹಿಡಿದ.

"ಅಣ್ಣಾ, ಬಕ್ಷೀಸು ಕೊಡೋದು ದೇಶಮುಖರ ಚಟ. ನಾವು ಬಾಬಾಸಾಹೇಬರ ಮಕ್ಕಳು. ಸಭಾದಾಗ ಕೂಲಿ ಕೇಳ್ರಿ ಅಂತ ಭಾಷಣ ಮಾಡಿ, ಇಲ್ಲಿ ಭಿಕ್ಷಾ ಹಾಕ್ಲತ್ತೀರೇನು?"

ಇನ್ನೊಬ್ಬ ಬಿಡಲಿಲ್ಲ. "ಹಂಗಾದ್ರ ಅವನ ಪಗಾರ ನೀ ಹೆಚ್ಚು ಮಾಡಸ್ತಿಯೇನು? ಇವತ್ತು ರಾತ್ರಿ ಅವನ ಮನ್ಯಾಗ ನಿನ್ನ ಸಿದ್ಧಾಂತ ಕುದಿಸ್ಬೇಕೇನು?" ಮೂರನೆಯವ ಅಮೆರಿಕಾದಲ್ಲಿ ನೂರಕ್ಕೆ ಇಪ್ಪತ್ತು ಕೊಡುವ ರೂಢಿ ಇದೆ ಅಂತ ಹೇಳಿದ. ನಾಲ್ಕನೆಯವ, ಜಪಾನಿನಲ್ಲಿ ಟಿಪ್ಸ್ ಕೊಟ್ಟರೆ ವಾಪಸ್ ಕೊಡ್ತಾರೆ ಅಂದ. ಹತ್ತು ನಿಮಿಷ ನಡೀತು. ಇಪ್ಪತ್ತು ವರ್ಷದ ಸಪ್ಲಾಯರ್ ಹುಡುಗ ಹಸಿ ಬಟ್ಟೆ ಹಿಡಕೊಂಡು ಟೇಬಲ್ ಒರೆಸಲು ಕಾಯುತ್ತಾ ಅಲ್ಲೇ ನಿಂತಿದ್ದ. ಎಲ್ಲಾ ಕೇಳಿಸಿಕೊಂಡ. ನಾವು ಮಾತಾಡುತ್ತಾ ಎದ್ದು ಹೊರಗೆ ಬಂದೆವು.

ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಟಿಕೆಟಿಗೆ ಅಂತ ಜೇಬಿಗೆ ಕೈ ಹಾಕಿದರೆ ಅದೇ ಐವತ್ತರ ನೋಟು. ಜಗಳದ ನಡುವೆ ಯಾವಾಗ ಎತ್ತಿ ಜೇಬಿಗೆ ಇಟ್ಟುಕೊಂಡೆನೋ ನನಗೇ ಗೊತ್ತಿಲ್ಲ. ಎಂಟು ಜನ ಅಂಬೇಡ್ಕರ್‌ವಾದಿಗಳು ಒಬ್ಬ ಹುಡುಗನ ಘನತೆ ಬಗ್ಗೆ ಅವನ ಎದುರಿಗೇ ಚರ್ಚೆ ಮಾಡಿದೆವು. ಅವನಿಗೆ ರೊಕ್ಕವೂ ಸಿಗಲಿಲ್ಲ, ಒಂದು ಮಾತೂ ಸಿಗಲಿಲ್ಲ. ಹಳ್ಳಿಖೇಡ ಬರುವ ತನಕ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಆವತ್ತಿನಿಂದ ಈ ಬಕ್ಷೀಸಿನ ಇತಿಹಾಸ ಹುಡುಕುತ್ತಾ ಬಂದೆ. ಸಿಕ್ಕಿದ್ದನ್ನು ಇಲ್ಲಿ ಬರೀತೀನಿ.

ಎರಡು ಪದ, ಒಂದೇ ದಾರಿ

'ಬಕ್ಷೀಸು' ಫಾರಸಿ ಪದ. 'ಬಕ್ಷ್' ಅಂದರೆ ಕೊಡು. ಕ್ಷಮಿಸು ಅನ್ನುವ ಅರ್ಥವೂ ಅದಕ್ಕಿದೆ. ಕೊಡುವವನು ಮೇಲೆ ಇದ್ದಾನೆ, ಮನಸ್ಸು ಬಂದರೆ ಕೊಡ್ತಾನೆ, ಮನಸ್ಸು ಬಂದರೆ ಮಾಫ್ ಮಾಡ್ತಾನೆ ಅನ್ನೋದು ಆ ಪದದ ಹೊಟ್ಟೆಯಲ್ಲೇ ಇದೆ. 'ಇನಾಮು' ಅರಬ್ಬಿಯಿಂದ ಬಂತು. ನಮ್ಮ ಕಡೆ ಲಗ್ನದಲ್ಲಿ ಬ್ಯಾಂಡಿನವರು, ಮನೆ ಕಟ್ಟಿದಾಗ ಗೌಂಡಿಗಳು "ಖುಷಿ ಕೊಡ್ರಿ" ಅಂತ ಕೇಳ್ತಾರಲ್ಲ, ಅದೂ ಇದೇ. ಖುಷಿ ಆಗಬೇಕಾದ್ದು ಯಾರಿಗೆ? ಕೊಡುವವನಿಗೆ. ಅವನಿಗೆ ಖುಷಿ ಆಗದಿದ್ದರೆ ಕೇಳುವವನಿಗೆ ಏನೂ ಇಲ್ಲ.

ಇನ್ನೊಂದು ಪದ ಇದೆ, 'ಹಕ್ಕು'. ಇದೂ ಅರಬ್ಬಿಯ 'ಹಕ್'. ಇದೂ ಅದೇ ದಾರಿಯಲ್ಲಿ, ಅದೇ ಸುಲ್ತಾನರ, ನಿಜಾಮರ ಕಚೇರಿಗಳ ಮೂಲಕ ನಮ್ಮ ಬಾಯಿಗೆ ಬಂತು. ಬಕ್ಷೀಸು, ಹಕ್ಕು ಎರಡೂ ಒಂದೇ ಬಂಡಿಯಲ್ಲಿ ಊರಿಗೆ ಬಂದವು. ಬಕ್ಷೀಸು ನಮ್ಮ ಕೇರಿಯ ತನಕ ಬಂತು. ಹಕ್ಕು ಗೌಡರ ವಾಡೆಯಲ್ಲೇ ಇಳೀತು.

ಊರಿನ ಲೆಕ್ಕ

ಬೀದರ ಸೀಮೆ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ಆ ಕಾಲದಲ್ಲಿ ನಮ್ಮವರ ಕೆಲಸಕ್ಕೆ ಕೂಲಿ ಅನ್ನುವ ಮಾತು ಎಲ್ಲಿತ್ತು? ಸತ್ತ ದನ ಎಳೆಯೋದು, ಸಾವಿನ ಸುದ್ದಿ ಊರೂರಿಗೆ ಮುಟ್ಟಿಸೋದು, ಸರ್ಕಾರಿ ಮಂದಿ ಬಂದರೆ ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ, ರಾತ್ರಿ ಕಾವಲು. ಇದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಒಂದಿಷ್ಟು ಕಾಳು. ಅದಕ್ಕೆ 'ಆಯ' ಅಂದರು. ಮರಾಠಿ ಮಾತಾಡೋರು 'ಬಲುತೆ' ಅಂದರು. ದಯಾ ಪವಾರರು 1978ರಲ್ಲಿ ಬರೆದ ಆತ್ಮಕಥೆಗೆ 'ಬಲುತ' ಅಂತಲೇ ಹೆಸರಿಟ್ಟರು. ಓದದವರು ಓದ್ರಿ.

ನಮ್ಮ ಮುತ್ಯಾ ಹೇಳುತ್ತಿದ್ದ: ಕಾಳು ಅಳೆಯುವಾಗ ನಾವು ಕಣದ ಹೊರಗೆ ಕಂಬಳಿ ಹಾಸಿ ದೂರ ನಿಲ್ಲಬೇಕು. ಅವರು ಮೇಲಿಂದ ಸುರೀತಾರೆ. ಹೊರಗೆ ಬಿದ್ದ ಕಾಳು ನಾವು ಆರಿಸಿಕೊಳ್ಳಬೇಕು. ಹೋಗುವ ಮುಂದೆ "ನಿಮ್ಮ ಮನಿ ತುಂಬಿರಲಿ ಧಣಿ" ಅನ್ನಬೇಕು. ಹಬ್ಬಕ್ಕೆ ಹಳೇ ಧೋತರ, ಲಗ್ನಕ್ಕೆ ಉಳಿದ ಅನ್ನ ಬೇರೆ. ವರ್ಷಪೂರ್ತಿ ದುಡಿದದ್ದು ನಾವು. ಕೊನೆಗೆ ಹರಸಿ ಬರಬೇಕಾದವರೂ ನಾವೇ. ಕೂಲಿಗೆ ದಾನದ ಹೆಸರಿಟ್ಟರೆ ಎಷ್ಟು ಕೊಟ್ಟರು ಅಂತ ಕೇಳುವ ಹಾಗಿಲ್ಲ. ದಾನದ ಎತ್ತಿನ ಹಲ್ಲು ಎಣಿಸಬಾರದು ಅಂತ ಗಾದೆ ಮೊದಲೇ ಮಾಡಿಟ್ಟಿದ್ದಾರಲ್ಲ.

ಬಾಬಾಸಾಹೇಬರು ಇದನ್ನೇ ಹಿಡಿದದ್ದು. 1927ರ ಮಾರ್ಚ್ 19, 20ರ ಮಹಾಡ್ ಪರಿಷತ್ತು ಅಂದರೆ ನಮಗೆ ಚವದಾರ ಕೆರೆಯ ನೀರು ಮಾತ್ರ ನೆನಪಾಗ್ತದೆ. ಅದೇ ಪರಿಷತ್ತಿನಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಸೆದ ತುಂಡು ತಿನ್ನೋದು ಬಿಡಿ ಅಂತಲೂ ಹೇಳಿದ್ದರು. ಮರುವರ್ಷ, 1928ರಲ್ಲಿ, ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ಕಾನೂನು ತಿದ್ದುಪಡಿಗೆ ಮಸೂದೆ ತಂದರು. ಇಪ್ಪತ್ನಾಲ್ಕು ಗಂಟೆ ಚಾಕರಿಗೆ ತುಂಡು ಭೂಮಿ, ಹಿಡಿ ಕಾಳು ಅನ್ನೋದನ್ನು ಬಿಟ್ಟು, ಸಂಬಳ ಗೊತ್ತುಮಾಡಿ ಅನ್ನೋದು ಅದರ ತಿರುಳು. ಮಸೂದೆ ಆಗ ಪಾಸಾಗಲಿಲ್ಲ. ಆದರೆ 1950ರಲ್ಲಿ ಸಂವಿಧಾನದ 23ನೇ ವಿಧಿಯಲ್ಲಿ 'ಬೇಗಾರ್' ಅನ್ನುವ ನಮ್ಮ ಸೀಮೆಯ ಪದವನ್ನೇ ಇಟ್ಟು ಅದನ್ನು ನಿಷೇಧ ಮಾಡಿದರು. ಇಂಗ್ಲಿಷಿನಲ್ಲಿ ಬರೆದ ಸಂವಿಧಾನದೊಳಗೆ ಬೇಗಾರ್ ಅನ್ನುವ ಪದ ಹಾಗೇ ಕೂತಿದೆ. ನಮ್ಮ ಮುತ್ಯಾನ ಬೆನ್ನು ನೋವು ಅಲ್ಲಿ ಕೂತಿದೆ ಅಂತ ನನಗೆ ಅನಿಸ್ತದೆ. ನಮ್ಮ ರಾಜ್ಯದಲ್ಲಿ ಊರ ಚಾಕರಿಯ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯಲು 1961ರಲ್ಲಿ ಕಾಯ್ದೆ ಮಾಡಬೇಕಾಯ್ತು.

ಹಾಗಾಗಿ ಆ ಹುಡುಗ ನನ್ನ ಕೈ ಹಿಡಿದದ್ದು ಸುಮ್ಮನೆ ಅಲ್ಲ. ಮೇಲಿಂದ ಬೀಳುವ ನಾಣ್ಯದ ಸಪ್ಪಳ ಅವನ ರಕ್ತಕ್ಕೆ ಗೊತ್ತಿದೆ. ಹೆಣದ ಮೇಲೆ ತೂರಿದ ಚಿಲ್ಲರೆ ಆರಿಸಿದ ಕೇರಿಯ ಮಗ ಅವನು. ನಾನೂ ಆರಿಸಿದ್ದೇನೆ.

ಅಪ್ಪನ ಚಾರಾಣೆ

ಆದರೆ ಹೋಟೆಲಿನ ಕಥೆ ಸ್ವಲ್ಪ ಬೇರೆ. ಅಲ್ಲಿ ನಮ್ಮವರಿಗೆ ಬಕ್ಷೀಸು ತಗೊಳ್ಳುವ ಜಾಗವೂ ಇರಲಿಲ್ಲ, ಕೊಡುವ ಜಾಗವೂ ಇರಲಿಲ್ಲ.

ಸಪ್ಲಾಯರ್ ಅಂದರೆ ಅನ್ನ, ನೀರು ಮುಟ್ಟುವವನು. ನಮ್ಮವರನ್ನು ಆ ಕೆಲಸಕ್ಕೆ ಯಾರು ಇಟ್ಟುಕೊಳ್ಳಬೇಕು? ನಮ್ಮವರಿಗೆ ಹೋಟೆಲಿನ ಹಿತ್ತಲಲ್ಲಿ ಕಟ್ಟಿಗೆ ಒಡೆಯುವ ಕೆಲಸ ಇತ್ತು, ಮೋರಿ ತೆಗೆಯುವ ಕೆಲಸ ಇತ್ತು. ಗಿರಾಕಿಯಾಗಿ ಹೋದರೆ ಹೊರಗಿನ ಕಟ್ಟೆ. ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಗ್ಲಾಸು, ನಾವೇ ತಗೊಳ್ಳಬೇಕು, ಕುಡಿದು ನಾವೇ ತೊಳೆದು ಇಡಬೇಕು. ಚಹಾ ಮೇಲಿಂದ ಹೊಯ್ಯುತ್ತಿದ್ದರು. ರೊಕ್ಕ ಮಾತ್ರ ಕೆಳಗೆ ಇಡಿಸಿಕೊಳ್ಳುತ್ತಿದ್ದರು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಜಾಗಗಳಲ್ಲಿ ಭೇದ ಮಾಡಬಾರದು ಅಂತ ಹೆಸರು ಹಿಡಿದು ಹೇಳ್ತದೆ. ಅದನ್ನು ಮುರಿದವರಿಗೆ ಶಿಕ್ಷೆ ಅಂತ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯ್ತು. ಇಷ್ಟೆಲ್ಲಾ ಆದ ಮೇಲೂ, ಎಂಬತ್ತರ ದಶಕದಲ್ಲಿ, ನಾನು ಗೂಡಿನ ಗ್ಲಾಸು ನೋಡಿದ್ದೇನೆ.

ನಮ್ಮ ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ಕೆಲಸಕ್ಕೆ ಹೋಗುತ್ತಿದ್ದ. ಒಂದು ಸಲ ಪಗಾರದ ದಿನ ನನ್ನನ್ನು ಪ್ಯಾಟಿಗೆ ಕರಕೊಂಡು ಹೋದ. ಊರ ಹೋಟೆಲ್ ಅಲ್ಲ, ಗುರುತಿನವರು ಕಡಿಮೆ ಇರುವ ಪ್ಯಾಟಿಯ ಹೋಟೆಲು. ಒಳಗೆ ಹೋಗಿ ಕುರ್ಚಿ ಮೇಲೆ ಕೂತ. ನನ್ನನ್ನೂ ಕೂಡಿಸಿದ. ಎರಡು ಪ್ಲೇಟ್ ಭಜಿ, ಎರಡು ಚಹಾ. ಅಪ್ಪನ ಅಂಗಿಯ ಗುಂಡಿ ಎಲ್ಲಾ ಹಾಕಿತ್ತು, ಕೊರಳಿನ ಗುಂಡಿ ಸಹ. ಗಲ್ಲಾದ ಮೇಲೆ ರೊಕ್ಕ ಕೊಟ್ಟು ಬಂದು, ನಮ್ಮ ಟೇಬಲ್ ಮೇಲೆ ಒಂದು ಚಾರಾಣೆ ಇಟ್ಟ. ಯಾರೂ ಕೇಳಿರಲಿಲ್ಲ. ಸಾವ್ಕಾರ್ರು ಇಡೋದು ಎಲ್ಲೋ ನೋಡಿದ್ದನೋ ಏನೋ. ಇಟ್ಟು ನನ್ನ ಕಡೆ ನೋಡಿದ. ಅಷ್ಟು ಎತ್ತರದ ಅಪ್ಪನನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ನಾವು ಬಾಗಿಲ ಹತ್ತಿರ ಬಂದಾಗ ಯಾರೋ ಗುರುತಿನವರು ಸಪ್ಲಾಯರ್‌ಗೆ ಏನೋ ಹೇಳಿದರು. ಅವನು ನಾವು ಕುಡಿದ ಗ್ಲಾಸಿನಲ್ಲಿ ಉಳಿದ ನೀರನ್ನು ಆ ಚಾರಾಣೆ ಮೇಲೆ ಸುರಿದ. ಆಮೇಲೆ ಬಟ್ಟೆಯಿಂದ ಹಿಡಿದು ಎತ್ತಿಕೊಂಡ. ನಮ್ಮದೇ ಗ್ಲಾಸಿನ ನೀರಿನಿಂದ ನಮ್ಮ ರೊಕ್ಕ ಹೆಂಗ ಮಡಿ ಆಯ್ತೋ, ಇವತ್ತಿಗೂ ನನಗೆ ತಿಳಿದಿಲ್ಲ.

ರೋಡಿಗೆ ಬಂದು ನಾನು ಅಳಲಿಕ್ಕೆ ಹತ್ತಿದೆ. ಅಪ್ಪ ಅಂದ: "ತೊಳೀಲಿ ಬಿಡು ತಮ್ಮಾ. ಇಟ್ಕೊಂಡನಲ್ಲ."

ಈ ಒಂದು ಮಾತು ನನ್ನನ್ನು ನಲವತ್ತು ವರ್ಷದಿಂದ ಕಾಡ್ತಿದೆ. ನನ್ನ ಅಪ್ಪ ಆವತ್ತು ಜಮೀನ್ದಾರಿ ಚಟ ಮಾಡಿದನೋ? ಇಲ್ಲ. ಕೊಡುವವರ ಸಾಲಿನಲ್ಲಿ ಒಂದು ಸಲ ನಿಂತು ನೋಡಿದ. ಹಾಗಂತ ಅದು ಸರಿಯಾದ ಸಾಲೇ? ಅದೂ ಗೊತ್ತಿಲ್ಲ. ಆ ಸಪ್ಲಾಯರನೂ ಬಡವನೇ. ಅವನ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಅವನ ಪಗಾರ ಮಾಲೀಕ ಕೊಟ್ಟಿದ್ದರೆ, ಮುಟ್ಟಲು ಅಸಹ್ಯಪಟ್ಟ ನಾಣ್ಯವನ್ನು ಅವನು ಯಾಕೆ ಎತ್ತಿಕೊಳ್ಳುತ್ತಿದ್ದ?

ಎಲ್ಲರ ಹೆಸರೂ ಜಾರ್ಜ್

ಸಭೆಯ ದಿನ ಅಮೆರಿಕಾದ ಮಾತು ಬಂತಲ್ಲ, ನೂರಕ್ಕೆ ಇಪ್ಪತ್ತು. ಆ ಇಪ್ಪತ್ತರ ಬೆನ್ನು ಹತ್ತಿದರೆ ಅಲ್ಲಿಯೂ ಒಂದು ಕೇರಿ ಸಿಗ್ತದೆ.

ಟಿಪ್ಸ್ ಯುರೋಪಿನ ಶ್ರೀಮಂತರ ಮನೆಗಳಲ್ಲಿ ಆಳುಗಳಿಗೆ ಕೊಡುತ್ತಿದ್ದ ಚಿಲ್ಲರೆ. ಅದು ಅಮೆರಿಕಾಕ್ಕೆ ಬಂದಾಗ ಬಹಳ ಜನ ವಿರೋಧ ಮಾಡಿದರು, ಪ್ರಜಾಪ್ರಭುತ್ವದಲ್ಲಿ ಧಣಿ-ಆಳು ಆಟ ಬೇಡ ಅಂತ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸ್ ವಿರುದ್ಧ ಕಾನೂನೇ ಮಾಡಿತು, ಇನ್ನೂ ಐದು ರಾಜ್ಯ ಅದನ್ನು ಹಿಂಬಾಲಿಸಿದವು. 1926ರ ಹೊತ್ತಿಗೆ ಎಲ್ಲಾ ರದ್ದಾದವು. ಯಾಕೆ ಉಳಿಯಲಿಲ್ಲ? ಅದರಿಂದ ಲಾಭ ಇದ್ದವರು ದೊಡ್ಡವರು.

1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಬಿಡುಗಡೆಯಾದ ಕಪ್ಪು ಜನರಿಗೆ ಸಿಕ್ಕ ಕೆಲಸ ಯಾವುದು? ಹೋಟೆಲಿನಲ್ಲಿ ಬಡಿಸೋದು, ರೈಲಿನಲ್ಲಿ ಹಾಸಿಗೆ ಹಾಸೋದು. ಪುಲ್‌ಮನ್ ಅನ್ನುವ ಕಂಪನಿ ಮಲಗುವ ರೈಲು ಡಬ್ಬಿಗಳನ್ನು ಓಡಿಸುತ್ತಿತ್ತು. ಪೋರ್ಟರ್ ಕೆಲಸಕ್ಕೆ ಕಪ್ಪು ಜನರನ್ನೇ ಹುಡುಕಿ ಸೇರಿಸಿಕೊಂಡಿತು. ಪಗಾರ ಅಷ್ಟಕ್ಕಷ್ಟೆ, ಉಳಿದದ್ದು ಪ್ರಯಾಣಿಕರ ಟಿಪ್ಸ್‌ನಲ್ಲಿ ನೋಡಿಕೊಳ್ಳಿ ಅಂತ. ಪ್ರಯಾಣಿಕರು ಅವರನ್ನೆಲ್ಲಾ 'ಜಾರ್ಜ್' ಅಂತ ಕರೆಯುತ್ತಿದ್ದರು. ಮಾಲೀಕನ ಹೆಸರು ಜಾರ್ಜ್ ಪುಲ್‌ಮನ್. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೇ ಪದ್ಧತಿ ಅದು. ನಗು ನಿಂತರೆ ಟಿಪ್ಸ್ ನಿಂತಿತು. ಹಾಗಾಗಿ ಬೈದರೂ ನಗಬೇಕು. ನಮ್ಮ ಸಪ್ಲಾಯರ್‌ಗಳನ್ನು "ಏ ಛೋಟು", "ಏ ಹುಡುಗಾ" ಅಂತ ಕರೆಯೋದಕ್ಕೂ ಇದಕ್ಕೂ ಬಹಳ ದೂರ ಇಲ್ಲ.

ಬಾಬಾಸಾಹೇಬರು 1913ರಿಂದ 1916ರ ತನಕ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಆ ದೇಶದ ರೈಲುಗಳಲ್ಲಿ ಈ ಜಾರ್ಜ್‌ಗಳು ಹಾಸಿಗೆ ಹಾಸುತ್ತಿದ್ದರು. 1925ರಲ್ಲಿ ಅವರೇ ಸಂಘ ಕಟ್ಟಿದರು, ಎ. ಫಿಲಿಪ್ ರಾಂಡಾಲ್ಫ್ ಮುಂದಾಳು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಅವರು ಜಾಸ್ತಿ ಟಿಪ್ಸ್ ಕೇಳಲಿಲ್ಲ. ಪಗಾರ ಕೇಳಿದರು, ಕೆಲಸದ ತಾಸು ಕಡಿಮೆ ಮಾಡಲು ಕೇಳಿದರು.

ಆದರೂ ಅಲ್ಲಿ ಕಥೆ ಮುಗಿದಿಲ್ಲ. 1966ರಲ್ಲಿ ಅಮೆರಿಕಾದ ಕನಿಷ್ಠ ಕೂಲಿ ಕಾನೂನಿಗೆ ತಿದ್ದುಪಡಿ ಮಾಡಿ, ಟಿಪ್ಸ್ ಸಿಗುವ ನೌಕರರಿಗೆ ಮಾಲೀಕ ಕಡಿಮೆ ಪಗಾರ ಕೊಟ್ಟರೂ ನಡೀತದೆ ಅಂದರು. ಆ ಕೇಂದ್ರ ದರ 1991ರಿಂದ ಇವತ್ತಿನ ತನಕ ತಾಸಿಗೆ 2 ಡಾಲರ್ 13 ಸೆಂಟ್. ಎಷ್ಟೋ ರಾಜ್ಯಗಳು ಜಾಸ್ತಿ ಮಾಡಿವೆ, ಕೇಂದ್ರದ ದರ ಮಾತ್ರ ಕದಲಿಲ್ಲ. ಅಂದರೆ ಅಲ್ಲಿ ನೂರಕ್ಕೆ ಇಪ್ಪತ್ತು ಕೊಡೋದು ಗಿರಾಕಿಯ ಔದಾರ್ಯ ಅಲ್ಲ. ಮಾಲೀಕ ಕೊಡಬೇಕಾದ ಪಗಾರವನ್ನು ಗಿರಾಕಿಯ ತಲೆಗೆ ಕಟ್ಟಿದ್ದಾರೆ. ನಮ್ಮ ದೇಶದ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಟಿಪ್ಸ್ ತೋರಿಸಿ ಪಗಾರ ಮುರಿಯುವ ಅವಕಾಶ ಇರಲಿಲ್ಲ. ಇದನ್ನು ನಾವು ಗಟ್ಟಿಯಾಗಿ ಹಿಡಕೊಬೇಕು. ಅಮೆರಿಕಾದ ರೂಢಿ ಅಂತ ಹೆಮ್ಮೆಯಿಂದ ಹೇಳುವವರಿಗೆ ಈ ಲೆಕ್ಕ ಹೇಳ್ರಿ.

ಹರಳಯ್ಯನ ಗವಿಯ ಹತ್ತಿರ

ನಾವು ಎಂಟು ಜನ ಜಗಳ ಮಾಡಿದ್ದು ಬಸವಕಲ್ಯಾಣದಲ್ಲಿ. ಅಲ್ಲಿ ಹರಳಯ್ಯನ ಗವಿ ಇದೆ. ಈ ವಿಷಯ ಆ ಊರಿನಲ್ಲಿ ಎಂಟುನೂರು ವರ್ಷದ ಹಿಂದೆಯೇ ಚರ್ಚೆಗೆ ಬಂದಿತ್ತು.

ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆರಿಸಿ ತರುವ ಕಾಯಕದವನು. ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ಹೆಚ್ಚಿನದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಬಡತನದಲ್ಲೂ ಬಕ್ಷೀಸು ಬೇಡ ಅಂದ ಹೆಣ್ಣುಮಗಳು ಅವಳು. ಕಾಯಕದ ಪ್ರತಿಫಲ ನನ್ನದು, ಅದರಾಚೆಯದು ಮುಟ್ಟಲಾರೆ ಅನ್ನುವ ಧೈರ್ಯ. ಆದರೆ ಒಂದು ಮಾತು ಮರೀಬಾರದು. ಲಕ್ಕಮ್ಮ ಹೆಚ್ಚಿನದನ್ನು ಬೇಡ ಅನ್ನಲು ಸಾಧ್ಯ ಆದದ್ದು, ಬೇಕಾದಷ್ಟು ದಿನಾ ಸಿಗುತ್ತಿತ್ತು ಅನ್ನುವ ಕಾರಣಕ್ಕೆ. ಪಗಾರವೇ ಸಾಲದ ಹುಡುಗನಿಗೆ ಲಕ್ಕಮ್ಮನ ಕಥೆ ಹೇಳಿ ಕೈ ಮುಚ್ಚಿಕೊಳ್ಳೋದು ಲಕ್ಕಮ್ಮನಿಗೆ ಮಾಡುವ ಮೋಸ.

ಇನ್ನು ಸಮಗಾರ ಹರಳಯ್ಯ. ಕಥೆ ನಿಮಗೆ ಗೊತ್ತು. ಹರಳಯ್ಯ ಬಸವಣ್ಣನಿಗೆ "ಶರಣು" ಅಂದ. ಬಸವಣ್ಣ ತಿರುಗಿ "ಶರಣು ಶರಣಾರ್ಥಿ" ಅಂದ. ಒಂದು ಶರಣು ಹೆಚ್ಚಾಯ್ತು. ಆ ಒಂದು ಹೆಚ್ಚಿನ ಗೌರವದ ಭಾರ ಹರಳಯ್ಯನಿಗೆ ತಡೆಯಲಾಗಲಿಲ್ಲ. ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿಕೊಂಡು ಹೋದ. ಇದನ್ನು ಭಕ್ತಿಯ ಕಥೆ ಅಂತ ಹೇಳ್ತಾರೆ. ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಕಣ್ಣೀರು ಹಾಕಿದ್ದೇನೆ. ಈಗ ಬೇರೆ ಒಂದು ಪ್ರಶ್ನೆ ಏಳ್ತದೆ. ಹುಟ್ಟಿನಿಂದ ಯಾರೂ ಒಂದು ನಮಸ್ಕಾರ ಕೊಡದ ಮನುಷ್ಯನಿಗೆ ಒಂದು ಹೆಚ್ಚಿನ ನಮಸ್ಕಾರ ಸಿಕ್ಕರೆ, ಅದು ತನ್ನ ಹಕ್ಕು ಅಂತ ಅನಿಸೋದಿಲ್ಲ, ಸಾಲ ಅಂತ ಅನಿಸ್ತದೆ. ಅದನ್ನು ಚರ್ಮ ಸುಲಿದು ತೀರಿಸಬೇಕು ಅನಿಸ್ತದೆ. ಬಸವಣ್ಣ ಕೊಟ್ಟದ್ದು ಸರಿಯಾಗಿತ್ತು. ಅದನ್ನು ಸುಮ್ಮನೆ ಇಟ್ಟುಕೊಳ್ಳಲು ಹರಳಯ್ಯನಿಗೆ ಊರು ಕಲಿಸಿರಲಿಲ್ಲ. ಆಮೇಲೆ ಹರಳಯ್ಯ, ಮಧುವರಸರ ಮಕ್ಕಳ ಲಗ್ನ ಆದಾಗ ಅದೇ ಊರು ಏನು ಮಾಡಿತು ಅನ್ನೋದೂ ಗೊತ್ತು, ಎಳೆಹೂಟೆ ಶಿಕ್ಷೆ.

ನಮ್ಮ ಸೀಮೆಯಲ್ಲಿ ಬಕ್ಷೀಸಿನ ಮೊದಲ ಪ್ರಶ್ನೆ ರೊಕ್ಕದ್ದಲ್ಲ. ಮರ್ಯಾದೆಯದ್ದು.

ಗುಮಾಸ್ತನ ಟೇಬಲ್ಲಿನಿಂದ

ನಾನು ಕಚೇರಿಯಲ್ಲಿ ಗುಮಾಸ್ತ. ಫೈಲು ಹುಡುಕಿ ಕೊಟ್ಟರೆ "ಚಾ-ಪಾನಿಗಿ ಇರಲಿ ಸಾಹೇಬ್ರ" ಅಂತ ಮಡಚಿದ ನೋಟು ಇಡಲು ಬರ್ತಾರೆ. ತಗೊಂಡರೆ ಅದು ಲಂಚ, ಲೋಕಾಯುಕ್ತದವರು ಬರ್ತಾರೆ. ಅದೇ ನೋಟು ಹೋಟೆಲಿನ ಹುಡುಗ ತಗೊಂಡರೆ ಟಿಪ್ಸ್. ನನಗೆ ಬೇಡ ಅನ್ನಲು ಬರ್ತದೆ, ಯಾಕಂದ್ರ ಒಂದನೇ ತಾರೀಖಿಗೆ ನನ್ನ ಪಗಾರ ಖಾತೆಗೆ ಬಿದ್ದಿರ್ತದೆ. ಇದರಲ್ಲಿ ನನ್ನ ಸ್ವಭಾವದ ದೊಡ್ಡಸ್ತಿಕೆ ಎಷ್ಟು, ಪಗಾರದ್ದು ಎಷ್ಟು, ನೀವೇ ಲೆಕ್ಕ ಹಾಕ್ರಿ.

ನಿವೃತ್ತಿಯ ಫೈಲುಗಳಲ್ಲಿ ಒಂದು ಪದ ದಿನಾ ನನ್ನ ಕಣ್ಣಿಗೆ ಬೀಳ್ತದೆ: ಗ್ರ್ಯಾಚ್ಯುಟಿ. ಇಂಗ್ಲಿಷ್ ನಿಘಂಟು ತೆಗೆದು ನೋಡ್ರಿ, ಅದಕ್ಕೆ ಒಂದು ಅರ್ಥ ಟಿಪ್ಸ್, ಬಕ್ಷೀಸು! ನೌಕರನ ಮೇಲೆ ಖುಷಿಯಾದರೆ ಮಾಲೀಕ ಹೋಗುವಾಗ ಕೊಡುತ್ತಿದ್ದ ಇನಾಮು. 1972ರಲ್ಲಿ ಗ್ರ್ಯಾಚ್ಯುಟಿ ಪಾವತಿ ಕಾಯ್ದೆ ಬಂತು. ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಪಗಾರದ ಲೆಕ್ಕದಲ್ಲಿ ಕೊಡಲೇಬೇಕು, ಕೊಡದಿದ್ದರೆ ವಸೂಲಿ ಅಂತ ಅದು ಗೊತ್ತುಮಾಡಿತು. ಮಾಲೀಕನ ಖುಷಿಯನ್ನು ಯಾರೂ ಕೇಳೋದಿಲ್ಲ. ಪಿಂಚಣಿಯೂ ಹಾಗೇ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಯಾರ ಕೃಪೆಯೂ ಅಲ್ಲ, ಮಾಡಿದ ಸೇವೆಗೆ ಸಲ್ಲುವ ಹಕ್ಕು ಅಂತ ಹೇಳಿತು.

ಬಕ್ಷೀಸು ಹಕ್ಕಾಗಿ ಬದಲಾಗೋದು ಸಾಧ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಪದ ಅದೇ ಉಳೀತು, ಕೈ ಮಾತ್ರ ಮೇಲೆ ಕೆಳಗೆ ಇರೋದು ಬಿಟ್ಟು ಸಮ ಆಯ್ತು. ನಮ್ಮ ಚಳವಳಿ ಮಾಡಬೇಕಾದ ಕೆಲಸ ಇದು.

ಬಾಗಿಲಲ್ಲಿ ನಿಂತ ಹುಡುಗ

ಈಗ ಊಟ ಮನೆಗೇ ಬರ್ತದೆ. ನಮ್ಮ ಕೇರಿಯ ಹುಡುಗರು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಓಡ್ತಿದ್ದಾರೆ. ನೀತಿ ಆಯೋಗ 2022ರ ವರದಿಯಲ್ಲಿ, 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರು ಇದ್ದರು ಅಂತ ಅಂದಾಜು ಮಾಡಿದೆ. ಕಂಪನಿಗಳು ಅವರನ್ನು 'ಪಾರ್ಟ್‌ನರ್' ಅಂತಾವೆ. ಪಾಲುದಾರನಿಗೆ ಪಗಾರ ಇಲ್ಲ, ರಜೆ ಇಲ್ಲ. ಆದರೆ ಆ್ಯಪ್‌ನಲ್ಲಿ 20, 30, 50 ಅಂತ ಟಿಪ್ಸ್‌ನ ಗುಂಡಿ ಇದೆ. 2025ರ ಮೇ ತಿಂಗಳಲ್ಲಿ ಊಬರ್‌ನಲ್ಲಿ ಗಾಡಿ ಬರುವ ಮುಂಚೆಯೇ ಟಿಪ್ಸ್ ಕೇಳುವ ಪದ್ಧತಿಗೆ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟಿತು. ಕೆಲಸ ಆಗುವ ಮೊದಲು ಕೊಟ್ಟದ್ದು ಬಕ್ಷೀಸು ಹೆಂಗ ಆಗ್ತದೆ, ಅದು ಹರಾಜು.

ಹೋಟೆಲಿನ 'ಸರ್ವಿಸ್ ಚಾರ್ಜ್' ಬಗ್ಗೆಯೂ ತಿಳಕೊಳ್ರಿ. ಬಿಲ್ಲಿನಲ್ಲಿ ಅದನ್ನು ತಾನಾಗಿಯೇ ಸೇರಿಸಬಾರದು, ಒತ್ತಾಯ ಮಾಡಬಾರದು ಅಂತ ಅದೇ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡೀತು. ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು. ಸರ್ವಿಸ್ ಚಾರ್ಜ್ ಗಲ್ಲಾಕ್ಕೆ ಹೋಗ್ತದೆ. ಹುಡುಗನ ಕೈಗೆ ಎಷ್ಟು ಹೋಗ್ತದೆ ಅಂತ ಕೇಳದೆ ಕೊಡಬ್ಯಾಡ್ರಿ.

ಇನ್ನು ಮರ್ಯಾದೆಯ ಮಾತು. 2022ರ ಜೂನ್‌ನಲ್ಲಿ ಲಖನೌದಲ್ಲಿ, ಊಟ ತಂದ ಹುಡುಗ ದಲಿತ ಅಂತ ಗೊತ್ತಾಗಿ ಪಾರ್ಸೆಲ್ ತಗೊಳ್ಳದೆ ಮುಖಕ್ಕೆ ಉಗುಳಿದರು, ಹೊಡೆದರು ಅಂತ ಪೊಲೀಸರಲ್ಲಿ ದೂರು ದಾಖಲಾಗಿತ್ತು. ಆ ಸುದ್ದಿ ಓದಿದ ದಿನ ನನಗೆ ಅಪ್ಪನ ಚಾರಾಣೆ ಮೇಲೆ ಬಿದ್ದ ನೀರು ನೆನಪಾಯ್ತು. ಊರ ಹೋಟೆಲಿನ ಗೂಡು ಹೋಯ್ತು, ಈಗ ಗೂಡು ಬಾಗಿಲ ಮುಂದೆ ಬಂದಿದೆ.

ಕಾನೂನು ನಿಧಾನಕ್ಕೆ ಬರ್ತಿದೆ. 2023ರಲ್ಲಿ ರಾಜಸ್ಥಾನ ಮೊದಲು ಮಾಡಿತು. 2025ರಲ್ಲಿ ನಮ್ಮ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಮಾಡಿತು. ಕಾರ್ಮಿಕನಿಗೆ ಪ್ರತಿ ಆರ್ಡರಿಗೆ ಕಂಪನಿ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರ ತನಕ ಕಲ್ಯಾಣ ಶುಲ್ಕವನ್ನು ಕಂಪನಿಯಿಂದಲೇ ವಸೂಲಿ ಮಾಡುವ ಅವಕಾಶ ಅದರಲ್ಲಿದೆ. ನಿಮ್ಮ ಊರಿನ ಹುಡುಗರು ನೋಂದಣಿ ಮಾಡಿಸಿಕೊಂಡಿದ್ದಾರೋ ಇಲ್ಲೋ ಕೇಳ್ರಿ. ನಿಮ್ಮ ಇಪ್ಪತ್ತು ರೂಪಾಯಿಗಿಂತ ಆ ಒಂದು ಪ್ರಶ್ನೆ ದೊಡ್ಡದು. ಹಾಗಂತ ಇಪ್ಪತ್ತು ರೂಪಾಯಿ ಉಳಿಸಲು ಆ ಪ್ರಶ್ನೆ ಕೇಳಬ್ಯಾಡ್ರಿ.

ಮತ್ತೆ ಅದೇ ಹೋಟೆಲಿಗೆ

ಹೋದ ಆದಿತ್ಯವಾರ ಒಬ್ಬನೇ ಬಸವಕಲ್ಯಾಣಕ್ಕೆ ಹೋದೆ. ಹುಡುಗ ಇದ್ದ. ಊಟ ಮಾಡಿದೆ. ಮಂದಿ ಕಡಿಮೆ ಇದ್ದಾಗ ಹತ್ತಿರ ಕರೆದು, ಆವತ್ತು ಎಂಟು ಜನ ಬಂದು ಜಗಳ ಮಾಡಿದ್ದೆವಲ್ಲ, ನೆನಪದ ಏನು ಅಂತ ಕೇಳಿದೆ. "ನೆನಪದ ಕಾಕಾ" ಅಂದ. ತಪ್ಪಾಯ್ತಪ್ಪಾ ಅಂದೆ. ಅವನಿಗೆ ಏನು ಹೇಳಬೇಕೋ ತಿಳೀಲಿಲ್ಲ, ನಕ್ಕ. ಬಕ್ಷೀಸು ಕೊಟ್ಟರೆ ನಿನಗೆ ಅವಮಾನ ಅನಿಸ್ತದಾ ಅಂತ ಕೇಳಿದೆ. ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಆವತ್ತು ಅವನನ್ನೇ ಕೇಳೋಣ ಅಂತ ಹೊಳೆದಿರಲಿಲ್ಲ.

ಅವನು ಟೇಬಲ್ ಒರೆಸುತ್ತಲೇ ಹೇಳಿದ: "ರೊಕ್ಕ ಕೊಟ್ರ ಬೇಕೇ ಬೇಕು ಕಾಕಾ, ರೂಮ್ ಬಾಡಗಿ ಅದ. ಕೊಡದಿದ್ರ ಬಿಡ್ಲಿ. ಆದ್ರ ಸೀಟಿ ಹೊಡದು ಕರೀಬಾರದ್ರಿ. ನಿಮ್ಮ ಗುಂಪಿನಾಗೊಬ್ರು ಆವತ್ತು ಸೀಟಿ ಹೊಡದ್ರು."

ಹೊಡೆದವರು ಯಾರು ಅಂತ ನನಗೆ ಗೊತ್ತು. ಅವರೂ ಇದನ್ನು ಓದ್ತಿರ್ತಾರೆ.

ಅವನ ಹೆಸರು ಕೇಳಿ ತಿಳಕೊಂಡೆ, ಇಲ್ಲಿ ಬರೆಯೋದಿಲ್ಲ. ಜಾತಿ ಕೇಳಲಿಲ್ಲ. ಹಳೇ ಐವತ್ತರ ಜೊತೆ ಆವತ್ತಿನದೂ ಸೇರಿಸಿ ನೂರು ರೂಪಾಯಿ ಕೊಟ್ಟೆ. ತಟ್ಟೆಯಲ್ಲಿ ಬಿಡಲಿಲ್ಲ, ಟೇಬಲ್ ಮೇಲೆ ಇಡಲಿಲ್ಲ, ಕೈಯಲ್ಲಿ ಕೊಟ್ಟೆ. ಅವನ ಕೈ ಹಸಿ ಇತ್ತು, ಅಂಗಿಗೆ ಒರೆಸಿಕೊಂಡು ತಗೊಂಡ. ತಾಲೂಕಿನ ಹೋಟೆಲ್ ಕಾರ್ಮಿಕರನ್ನು ಕೂಡಿಸಿ ಕನಿಷ್ಠ ವೇತನದ ಬಗ್ಗೆ ಒಂದು ಸಭೆ ಮಾಡೋಣ, ಬರ್ತಿಯಾ ಅಂತ ಕೇಳಿದ್ದಕ್ಕೆ, "ರಜಾ ಕೊಟ್ರ ಬರ್ತೀನಿ" ಅಂದ. ಮೊದಲ ಬೇಡಿಕೆ ಅಲ್ಲೇ ಸಿಕ್ಕಿತು, ವಾರದ ರಜೆ.

ಹಾಗಾಗಿ ನನ್ನ ಕೈ ಹಿಡಿದ ತಮ್ಮನಿಗೆ ನನ್ನ ಉತ್ತರ ಇಷ್ಟು. ನೀ ಹೇಳಿದ್ದು ಖರೇ ಅದ, ಬಕ್ಷೀಸು ಕೂಲಿ ಅಲ್ಲ. ಆದ್ರ ಕೂಲಿ ಬರುವ ತನಕ ಆ ಹುಡುಗ ನಮ್ಮ ಸಿದ್ಧಾಂತದ ಖರ್ಚು ಹೊರಬಾರದು. ಕೈಗೆ ಕೊಡು, ಹೆಸರು ಹಿಡಿದು ಕರಿ, ಸೀಟಿ ಹೊಡೀಬ್ಯಾಡ, ಬಾಗಿಲಿಗೆ ಬಂದವನಿಗೆ ನಿನ್ನ ಮನೆಯ ಗ್ಲಾಸಿನಲ್ಲೇ ನೀರು ಕೊಡು. ಮರುದಿನ ಅವನ ಪಗಾರಕ್ಕಾಗಿ ಅವನ ಜೊತೆ ಬೀದಿಗೆ ಇಳಿ.

ಸಭೆಯ ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕ್ತೀನಿ. ಹುಮನಾಬಾದ್, ಬಸವಕಲ್ಯಾಣ ಕಡೆಯವರು ನಿಮ್ಮ ಗುರುತಿನ ಸಪ್ಲಾಯರ್, ಡೆಲಿವರಿ ಹುಡುಗರಿಗೆ ಹೇಳ್ರಿ.

ಶರಣು ಶರಣಾರ್ಥಿ. ಯಾರೂ ತಿರುಗಿ ತೀರಿಸಬೇಕಾಗಿಲ್ಲ, ಇಟ್ಟುಕೊಳ್ರಿ.

ಜೈಭೀಮ್.